ಆಕ್ಸಿಜನ್ ಸೆನ್ಸರ್ ಬಿಚ್ಚಿದ ಬೆಳಿಗ್ಗೆ

ಗಡಿಯಾರದ ಚಕ್ರಗಳನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವಾಗ ಒಂದು ವಾಸನೆ ಏಳುತ್ತದೆ. ತಣ್ಣಗೆ, ಚುರುಕಾಗಿ, ಮೂಗಿನ ತುದಿಯಲ್ಲೇ ನಿಲ್ಲುವಂಥದ್ದು. ಗಡಿಯಾರ ರಿಪೇರಿಯವನು ಆ ವಾಸನೆಯಲ್ಲೇ ಬೆಳೆದವನು. ಅಪ್ಪನ ಅಂಗಡಿಯ ಮೇಜಿನ ಕೆಳಗೆ ಕೂತು ಅಕ್ಷರ ತಿದ್ದಿದವನು. ಈಗ ಐವತ್ತೆಂಟರ ವಯಸ್ಸಿನಲ್ಲಿ, ಅಂಗಳದಲ್ಲಿ ಸ್ಟ್ಯಾಂಡಿನ ಮೇಲೇರಿಸಿದ ಕಾರಿನ ಕೆಳಗೆ ಅಂಗಾತ ಮಲಗಿದ್ದಾಗ ಅದರ ನೆನಪಾಗಿ ಒಂದಿಷ್ಟು ಧೈರ್ಯ ಬಂತು. ಆದರೆ ಅವನ ಧೈರ್ಯಕ್ಕೆ ಸೆನ್ಸರ್ ಅಲುಗಲಿಲ್ಲ.

ಕಾರು ಹೆಂಡತಿಯದು. ಆಕೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸು. ಹದಿನೈದು ದಿನದಿಂದ ಕಾರಿನಲ್ಲಿ ಹಳದಿ ದೀಪ ಉರಿಯುತ್ತಿತ್ತು, ವೇಗ ತಗ್ಗಿಸಿದರೆ ಸಾಕು, ಇಂಜಿನ್ ಉಸಿರುಗಟ್ಟುತ್ತಿತ್ತು. ಕಳೆದ ಸೋಮವಾರ ಸೇತುವೆಯ ಮೇಲೆ ನಿಂತೇಹೋಯಿತು. ಆಕೆ ತಲುಪುವಷ್ಟರಲ್ಲಿ ಮಗು ಹುಟ್ಟಿತ್ತು, ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡು. ಅಜ್ಜಿಯೊಬ್ಬಳು ಹೇಗೋ ಬಿಡಿಸಿದ್ದಳು, ಮಗು ಬದುಕಿತು. ಆ ದಿನ ಹೆಂಡತಿ ಮನೆಗೆ ಬಂದವಳು ಊಟ ಮಾಡಲಿಲ್ಲ. ಚೀಲದ ಸಾಮಾನುಗಳನ್ನು ತೊಳೆದದ್ದೇ ತೊಳೆದದ್ದು.

ಪೈಪಿನೊಳಗೆ ಕೂತು ಹೊಗೆಯ ಹದ ಅಳೆಯುವ ಸೆನ್ಸರ್ ಕೆಟ್ಟಿದೆ, ಶುಕ್ರವಾರ ಬನ್ನಿ ಎಂದಿತ್ತು ಗ್ಯಾರೇಜು. "ಶುಕ್ರವಾರದ ತನಕ ಯಾರೂ ಹೆರಬಾರದಾ? ನೂರು ತುಂಡು ಬಿಚ್ಚಿ ಜೋಡಿಸೋನಿಗೆ ಇದೊಂದು ದೊಡ್ಡದಾ?" ಎಂದು ಗಂಡ ತಾನೇ ಹೊಸ ಸೆನ್ಸರ್ ತಂದಿದ್ದ.

ಹೆಂಡತಿ ಬಗ್ಗಿ ನೋಡಿದಳು. ಗಡಿಯಾರಕ್ಕೆ ಎಣ್ಣೆ ಮುಟ್ಟಿಸುವ ಸೂಜಿಯಿಂದ ಗಂಡ ಸೆನ್ಸರಿನ ಬುಡಕ್ಕೆ ಹನಿ ಹನಿಯಾಗಿ ಎಣ್ಣೆ ಇಡುತ್ತಿದ್ದ.

"ರೀ, ಅದು ಸೈಲೆನ್ಸರ್ ಪೈಪು. ಕೈಗಡಿಯಾರ ಅಲ್ಲ."

"ಗೊತ್ತು ಕಣೇ. ಜಾಸ್ತಿ ಬಿಟ್ರೆ ಧೂಳು ಹಿಡಿಯತ್ತೆ."

"ಹತ್ತು ವರ್ಷದ ಕೆಸರು ಹಿಡಿದಿರೋದಕ್ಕೆ ಇನ್ನೇನು ಧೂಳು? ಒಂದು ಗಂಟೆಯಿಂದ ಅದಕ್ಕೆ ಕಾಡಿಗೆ ಹಚ್ತಾ ಇದ್ದೀರಿ. ಈಚೆ ಬನ್ನಿ, ಇಂಜಿನ್ ಹಾಕ್ತೀನಿ. ಪೈಪು ಬಿಸಿಯಾದ್ರೆ ಬಿಗಿ ಸಡಿಲಾಗತ್ತೆ."

ಅವನಿಗೆ ಮನಸ್ಸಿರಲಿಲ್ಲ. ಅವನ ಕಸುಬಿನಲ್ಲಿ ಬಿಸಿ ಎಂದರೆ ಶತ್ರು. ಆದರೂ ಈಚೆ ಬಂದ. ಐದು ನಿಮಿಷ ಇಂಜಿನ್ ಓಡಿಸಿ ಆರಿಸಿದರು. ಅವನು ದಪ್ಪ ಕೈಗವಸು ತೊಟ್ಟು ಮತ್ತೆ ಕೆಳಗೆ ಸರಿದು, ವೈರಿನ ಪ್ಲಗ್ ಕಿತ್ತು, ಸ್ಪ್ಯಾನರ್ ಜಗ್ಗಿದ. ಕಿರ್ರೆಂದು ಸದ್ದಾಯಿತು. ಸೆನ್ಸರ್ ಬಿಟ್ಟುಕೊಟ್ಟಿತು, ಮೂಲೆಗಳೆಲ್ಲ ಸವೆದು, ಮಸಿ ಮೆತ್ತಿಕೊಂಡು.

ಫೋನ್ ಬಂದದ್ದು ಆಗಲೇ.

"ನರ್ಸಮ್ಮಾ, ಸೊಸೆಗೆ ನೋವು ಶುರುವಾಗಿದೆ. ಐದೈದು ನಿಮಿಷಕ್ಕೆ ಬರ್ತಿದೆ. ಹೊರಟ್ರಾ?"

"ಎಡಮಗ್ಗುಲಿಗೆ ಮಲಗಿಸಿ. ನೀರು ಕುಡಿಸಿ. ಬಂದೆ," ಎಂದಳು. ಎರಡನೇ ಹೆರಿಗೆ, ಕಾಯುವಂಥದ್ದಲ್ಲ. ಆಂಬುಲೆನ್ಸಿಗೆ ಕೇಳಿದರೆ ಒಂದೂವರೆ ಗಂಟೆ ಎಂದರು. ಕಾರಿನಲ್ಲಾದರೆ ಅರ್ಧ ಗಂಟೆಯ ದಾರಿ.

ಪೈಪಿನಲ್ಲಿ ಬೆರಳು ಗಾತ್ರದ ತೂತು ಬಾಯಿ ತೆರೆದಿತ್ತು. ಗಂಡ ಹೊಸ ಸೆನ್ಸರ್ ಇಟ್ಟು ತಿರುಗಿಸಿದ. ಅರ್ಧ ಸುತ್ತಿಗೇ ಕಚ್ಚಿಕೊಂಡಿತು. ತೆಗೆದ, ಮತ್ತೆ ಇಟ್ಟ, ಮತ್ತೆ ಕಚ್ಚಿಕೊಂಡಿತು. ಓರೆಯಾಗಿ ಬಲ ಹಾಕಿದರೆ ತಿರುಪಿನ ಥ್ರೆಡ್ ಹಾಳು. ಆಮೇಲೆ ಯಾವ ಸೆನ್ಸರೂ ಕೂರದು, ಕಾರು ಅಂಗಳ ಬಿಟ್ಟು ಹೊರಡದು. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಕೂರಿಸುವ ಕೈ ಈಗ ನಡುಗತೊಡಗಿತು.

ಹೆಂಡತಿ ಚೀಲವನ್ನು ಗೇಟಿನ ಬಳಿ ಇಟ್ಟು, ಟಾರ್ಚ್ ಹಿಡಿದು, ಒಗೆದ ಬಟ್ಟೆಯಲ್ಲೇ ಅವನ ಪಕ್ಕ ನೆಲದ ಮೇಲೆ ಮಲಗಿದಳು.

"ಕೈ ನಡುಗ್ತಿದೆ ಕಣೇ."

"ನೋಡ್ದೆ."

"ನಿನಗೆ ತಡ ಆಗ್ತಿದೆ."

"ಅವಸರ ನನ್ನದು. ನಿಮ್ಮದಲ್ಲ. ಹೆರೋರಿಗೂ ನಾನು ಇದನ್ನೇ ಹೇಳೋದು."

"ನಾನೇನು ಹೆರ್ತಾ ಇದ್ದೀನಾ?"

"ಮುಖ ನೋಡಿದ್ರೆ ಹಾಗೇ ಇದೆ."

ಅವನಿಗೆ ನಗು ಬಂತು. ನಕ್ಕ ಮೇಲೆ ಕೈ ತನ್ನದಾಯಿತು. ಗಡಿಯಾರದ ಸಾಸಿವೆಯಷ್ಟು ತಿರುಪಿಗೆ ಮಾಡುವಂತೆ, ಸೆನ್ಸರನ್ನು ಮೊದಲು ಹಿಂದಕ್ಕೆ ತಿರುಗಿಸಿದ, ಮೆತ್ತಗೆ, ಕಣ್ಣು ಮುಚ್ಚಿ. ಬೆರಳಿಗೆ ಮಾತ್ರ ತಿಳಿಯುವಂತೆ ಒಂದು ಸಣ್ಣ ಟಕ್. ಥ್ರೆಡ್ಡಿನ ಬಾಯಿ ಸಿಕ್ಕಿತ್ತು. ಈಗ ಮುಂದಕ್ಕೆ. ಒಂದು ಸುತ್ತು, ಎರಡು, ಮೂರು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಬಿಗಿ ಮಾಡಿ, ಪ್ಲಗ್ ಸಿಕ್ಕಿಸಿ, ಕಾರು ಇಳಿಸಿ ಅವನೇ ಸ್ಟೀರಿಂಗ್ ಹಿಡಿದ. ಹಳದಿ ದೀಪ ಇನ್ನೂ ಉರಿಯುತ್ತಲೇ ಇತ್ತು. ಹೊಸದು ಹೊಂದಿಕೊಳ್ಳಲು ಸ್ವಲ್ಪ ದೂರ ಓಡಬೇಕು ಎಂದು ಅಂಗಡಿಯವನು ಹೇಳಿದ್ದ. ಮೊದಲ ವೃತ್ತದಲ್ಲಿ ಕೆಂಪು ಸಿಗ್ನಲ್ ಬಿತ್ತು. ಇಬ್ಬರೂ ಇಂಜಿನ್ನಿಗೆ ಕಿವಿಗೊಟ್ಟರು. ಒಮ್ಮೆ ತಡವರಿಸಿತು. ಸುಧಾರಿಸಿಕೊಂಡಿತು. ಸೇತುವೆ ಬಂತು, ಕಾರು ದಾಟಿತು.

ಹೆರಿಗೆಯ ಮನೆಯ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಹೆಂಡತಿ ಇಳಿದು ಓಡಿದಳು. ಅವನು ಇಂಜಿನ್ ಆರಿಸಲಿಲ್ಲ. ಆಸ್ಪತ್ರೆಗೆ ಒಯ್ಯಬೇಕಾದೀತು, ಆಗ ಇದು ಮತ್ತೆ ಚಾಲೂ ಆಗದಿದ್ದರೆ? ಕೀಲಿಯ ಮೇಲೆ ಕೈ ಇಟ್ಟುಕೊಂಡೇ ಕೂತ. ಮೇಲಿನ ಕಿಟಕಿಯಿಂದ ನರಳಾಟ ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ.

ಮಗು ಅತ್ತಿತು. ಗಂಟಲು ತುಂಬ, ಸಿಟ್ಟಿನಿಂದ.

ಅವನು ಇಂಜಿನ್ ಆರಿಸಿದ.

ಸ್ವಲ್ಪ ಹೊತ್ತಿಗೆ ಆ ಮನೆಯ ಮುದುಕ, ಈಗಷ್ಟೇ ಎರಡನೇ ಸಲ ಅಜ್ಜನಾದವನು, ಹೊರಗೆ ಬಂದ. ಕಾರಿನಲ್ಲಿದ್ದವನ ಮಸಿ ಮೆತ್ತಿದ ಕೈ ನೋಡಿ ಒಳಗೆ ಹೋಗಿ ಒದ್ದೆ ಬಟ್ಟೆ ತಂದುಕೊಟ್ಟ, ಒರೆಸಿಕೊಳ್ಳುವ ತನಕ ನಿಂತ. ಆಮೇಲೆ ಮುಚ್ಚಿಟ್ಟ ಬಿಸಿ ಊಟದ ತಟ್ಟೆಯನ್ನು ಕಾರಿನ ಕಿಟಕಿಯಿಂದ ಎರಡೂ ಕೈಯಲ್ಲಿ ಒಳಗೆ ನೀಡಿದ.