ಬಾಗಿಲ ಮೇಲಿನ ಕಲ್ಲು

ಗೌಂಡಿ ಶಿದ್ರಾಮಪ್ಪ ಕಲ್ಲಿಗೆ ಕಿವಿಗೊಟ್ಟು ನಿಂತರೆ ಜಮಖಂಡಿ ಸುತ್ತಿನ ಕೆಲಸದವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಸುತ್ತಿಗೆಯ ಏಟಿಗೆ ಗಂಟೆಯ ಹಾಗೆ ನಾದ ಬಂದರೆ ಕಲ್ಲು ಗಟ್ಟಿ. ಬದ್ದೆಂದು ಮಂದ ಸದ್ದು ಬಂದರೆ ಒಳಗೆ ಬಿರುಕು. ಆತ ತಲೆಯಾಡಿಸಿದ ಕಲ್ಲು ಮಾತ್ರ ಗೋಡೆ ಏರುತ್ತಿತ್ತು.

ಕಲ್ಲು ಕೊಯ್ಯುವ ಮಷಿನ್ನಿನ ಮುಂದೆ ಹನ್ನೆರಡು ವರ್ಷ ಕಳೆದು ಆತನ ಕಿವಿ ಹೋಗಿತ್ತು. ಅದು ಗೊತ್ತಿದ್ದದ್ದು ಜೊತೆಗಾರ ನಿಂಗಣ್ಣನೊಬ್ಬನಿಗೇ. ಎದುರು ನಿಂತ ನಿಂಗಣ್ಣ ಗದ್ದ ಎತ್ತಿದರೆ ಕಲ್ಲು ಒಳ್ಳೆಯದು, ನೆಲ ನೋಡಿದರೆ ಕೆಟ್ಟದ್ದು. ಮಠದ ಭಜನೆಯಲ್ಲೂ ಅವನ ಕೈ ನೋಡಿಯೇ ಶಿದ್ರಾಮಪ್ಪ ತಾಳ ತಟ್ಟುತ್ತಿದ್ದ.

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಪಾರಿಸಪ್ಪ ಕಲ್ಲಿನ ಮನೆ ಕಟ್ಟಿಸುತ್ತಿದ್ದ. ತಲೆಬಾಗಿಲ ಮೇಲಿಡುವ ಆರಡಿ ಕಲ್ಲು ಬಂದ ದಿನ ನಿಂಗಣ್ಣ ಬೀಳಗಿಗೆ ಹೋಗಿದ್ದ. ಬಾಡಿಗೆ ಕ್ರೇನ್ ಕಾಯುತ್ತಿತ್ತು. ಎಲ್ಲರೂ ಸುಮ್ಮನಾದರು. ನಾಳೆ ನೋಡೋಣ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಶಿದ್ರಾಮಪ್ಪ ಸುತ್ತಿಗೆ ಹೊಡೆದು, ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ, "ಛಲೋ ಐತಿ, ಏರಸ್ರಿ" ಎಂದ.

ಆತನ ಬೆನ್ನ ಹಿಂದೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದ ನಿಂಗಣ್ಣನ ಹೆಂಡತಿ ಶೇವಂತಿ, "ಅಣ್ಣಾ, ಒಡಕ ಗಡಿಗಿ ಸಪ್ಪಳ ಬಂದಂಗಾತಲ್ಲ?" ಎಂದಳು. ಆತ ತಿರುಗಲಿಲ್ಲ. ಕೇಳಬಲ್ಲವನು ಕೇಳಿದ್ದಾನೆ ಎಂದುಕೊಂಡು ಆಕೆ ಮುಂದೆ ನಡೆದಳು.

ಮರುದಿನ ಬಂದ ನಿಂಗಣ್ಣ ಬಾಗಿಲ ಮೇಲೆ ನೋಡಿ, ನಕ್ಕು, ಗೆಳೆಯನಿಗೆ ತಿಳಿಯುವ ಹಾಗೆ ತುಟಿ ಬಿಡಿಸಿ ಹೇಳಿದ: "ನೀ ಒಬ್ಬನೇ ಕಲ್ಲ ಕೇಳಿದಿ ಅಂದ್ರ ನನಗ ಅಂಜಿಕಿ ಬರತೈತಿ ಲೇ."

"ಕೈಗೆ ಗೊತ್ತಾತು ಬಿಡಲೇ," ಎಂದ ಶಿದ್ರಾಮಪ್ಪ.

ನಿಂಗಣ್ಣ ಅದರ ಮೇಲೆ ನಾಲ್ಕು ಸಾಲು ಗೋಡೆ ಏರಿಸಿದ. ನಾಲ್ಕನೆಯದು ಮುಗಿದ ಸಂಜೆ ಕಲ್ಲು ನಡುವೆ ಮುರಿಯಿತು. ಅವನು ಬಾಗಿಲ ನೆರಳಲ್ಲಿ ನಿಂತು ನೀರು ಕುಡಿಯುತ್ತಿದ್ದ.

ನಿಂಗಣ್ಣನಿಗೆ ಮಣ್ಣು ಕೊಟ್ಟ ಐದನೆಯ ದಿನ, ಆ ಕಲ್ಲು ಕಳಿಸಿದ್ದ ಖಣಿಯ ಮಾಲೀಕ ಭೀಮಪ್ಪ ಬಂದ. ಮುರಿದ ತುಂಡುಗಳು ಅಂಗಳದಲ್ಲೇ ಇದ್ದವು. ಪರಿಹಾರದ ಮಾತಿಗೆ ಶೇವಂತಿಯನ್ನೂ ಕರೆಸಿದ್ದರು.

"ಶಿದ್ರಾಮಪ್ಪ ಕೇಳಿ ಪಾಸ್ ಮಾಡಿದ ಕಲ್ಲರಿ ಇದು," ಎಂದ ಭೀಮಪ್ಪ. "ಕಲ್ಲಿನ್ಯಾಗ ತಪ್ಪಿಲ್ಲ. ಮ್ಯಾಲ ಗ್ವಾಡಿ ಏರಿಸಿದಾಂವ ನಿಂಗಣ್ಣ. ಹೇರಬಾರದಷ್ಟು ಹೇರ್ಯಾನ."

"ಅದೂ ಖರೆ," ಎಂದ ಪಾರಿಸಪ್ಪ. "ಶಿದ್ರಾಮಪ್ಪನ ಕಿವಿ ಸುಳ್ಳ ಹೇಳೂದಿಲ್ಲ."

ಅವರ ತುಟಿಗಳನ್ನೇ ನೋಡುತ್ತಿದ್ದ ಶಿದ್ರಾಮಪ್ಪ ಶೇವಂತಿಯ ಕಡೆ ತಿರುಗಿದ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆತ ತನ್ನ ಸುತ್ತಿಗೆಯನ್ನು ಆಕೆಯ ಕೈಗಿಟ್ಟ.

"ತಂಗೀ, ನಾ ಬೆನ್ನ ಮಾಡಿ ನಿಂದರತೇನಿ. ನೀ ಈ ಕಲ್ಲಿಗೆ ಹೊಡಿ. ಕೇಳಿದ ಕೂಡಲೆ ಕೈ ಎತ್ತತೇನಿ."

ಗೋಡೆಗೆ ಮುಖ ಮಾಡಿ ನಿಂತ. ಆಕೆ ಹೊಡೆದಳು. ಕೈ ಏಳಲಿಲ್ಲ. ಮತ್ತೆ ಹೊಡೆದಳು. ಮೂರನೆಯ ಏಟಿಗೆ ಚೂರು ಸಿಡಿದು ಪಾರಿಸಪ್ಪ ಹಿಂದೆ ಸರಿದ. ಶೇವಂತಿ ಅಳುತ್ತ ಹೊಡೆಯುತ್ತಲೇ ಇದ್ದಳು.

ಶಿದ್ರಾಮಪ್ಪ ಕಣ್ಣು ಮುಚ್ಚಿ, ಭಜನೆಯ ಮೊದಲ ಪದಕ್ಕೆ ಕಾಯುವವನ ಹಾಗೆ ನಿಂತಿದ್ದ.

"ಚಾಲೂ ಮಾಡಿದ್ಯೇನವ್ವಾ?" ಎಂದು ಕೇಳಿದ.