ಮೊಣಕೈ ಗಾಳಿಯಲ್ಲಿ

೧೯೯೪ನೇ ಇಸವಿ ಆಗಸ್ಟ್ ೧೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದೊಂದು ಹೆಜ್ಜೆಗೂ ತುಸು ನಡುಗಿ ನಿಲ್ಲುತ್ತಿದೆ, ಇದಕ್ಕೂ ನನ್ನದೇ ಕಾಯಿಲೆ ಇರಬೇಕು ಅಂದುಕೊಂಡ ಕರಿಯಪ್ಪ, ನಗು ಬಂತು, ಪಕ್ಕದಲ್ಲಿ ಹೆಂಡತಿ ಯಲ್ಲಮ್ಮ ಏನ್ ನಗ್ತಿದ್ದೀಯ ಅಂದಳು, ಏನಿಲ್ಲ ಕಣೆ — ಬೆಂಗಳೂರಿನ ಈ ಆಸ್ಪತ್ರೆಯ ಪಡಸಾಲೆಯಲ್ಲಿ ಗುರುವಾರ ಕೂರುವವರೆಲ್ಲ ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆಯವರು, ಲಕ್ಷಕ್ಕೆ ಮೂವರೋ ನಾಲ್ವರೋ ಅನ್ನುತ್ತಾರೆ, ಆದರೆ ಬೆಂಚಿನಲ್ಲಿ ಜಾಗವಿಲ್ಲ, ಮೊದಲ ದಿನ ಅದನ್ನು ಕಂಡೇ ಅವನಿಗೆ ಅರ್ಧ ಧೈರ್ಯ ಬಂದಿತ್ತು, ಇಂದು ಉಳಿದರ್ಧ ಬೇಕು, ಐದು ಮಿಲಿಮೀಟರ್, ಹಿಂದಿನ ಸಲ ಡಾಕ್ಟರಮ್ಮ ಹೇಳಿದ್ದು ಅಷ್ಟೇ, ಅಚ್ಚಿನ ಸುರುಳಿಯ ಮೇಲೆ ಬರೆಯುವಾಗ ಗೆರೆ ಐದರೊಳಗೆ ನಿಂತರೆ ಮರ ಕಡೆಯುವ ಲೇತಿಗೆ ಹೋಗಬಹುದು ಅಂತ ಚೀಟಿ ಬರೆದುಕೊಡ್ತೀನಿ, ಅದಕ್ಕಿಂತ ಹೆಚ್ಚು ಹೊರಳಿದರೆ ಬೇಡ ಕರಿಯಪ್ಪ, ಕೆಲಸ ಬೇರೆ ನೋಡಿಕೊಳ್ಳಿ, ಹೋದ ಬೆರಳನ್ನು ನನ್ನ ಮಾತ್ರೆ ತಂದುಕೊಡೋದಿಲ್ಲ.

ಬೇರೆ ಕೆಲಸ ಅಂದರೆ ಯಾವುದು, ಚನ್ನಪಟ್ಟಣದ ಹಬೀಬ್ ಉಸ್ತಾದರ ಕಾರ್ಖಾನೆಯಲ್ಲಿ ಹತ್ತು ವರ್ಷ ಬೊಂಬೆಯ ಆಲೆಮರ ಕಡೆದವನು, ಬುಗುರಿ, ಗಿಲಕಿ, ಮಕ್ಕಳ ಎಣಿಕೆಯ ಮಣಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಅರಗು ಕರಗಿ ಹಳದಿ ಹತ್ತಿಕೊಳ್ಳುವ ಆ ವಾಸನೆ — ಆಮೇಲೆ ಒಂದು ಯುಗಾದಿ ಕಳೆದು ಕೈಯಲ್ಲಿದ್ದ ಟೀ ತುಳುಕಿತು, ಮಾತು ನಾಲಿಗೆಗೆ ಅಂಟತೊಡಗಿತು, ಏನ್ಲಾ ಕರಿಯ, ಬೆಳ್‌ಬೆಳಿಗ್ಗೇನೇ ಹಾಕ್ಬಂದ್ಬುಟ್ಟಾ, ಪಕ್ಕದ ಲೇತಿನ ಕೆಂಚಯ್ಯನ ಬಾಯಿ, ನಮ್ಗೂ ಒಸಿ ಉಳ್ಸಬಾರ್ದೇನ್ಲಾ, ಎಲ್ಲರೂ ನಕ್ಕರು, ಒಂದು ತೊಟ್ಟೂ ಕುಡಿಯದ ಅವನೂ ನಕ್ಕ, ಯಲ್ಲಮ್ಮ ಮಾತ್ರ ಹತ್ತಿರ ಬಂದು ಬಾಯಿ ಮೂಸಿ ನೋಡಿದಳು, ವಾಸನೆ ಇಲ್ಲವೆಂದು ಗೊತ್ತಾದ ಮೇಲೆ ಹೆಚ್ಚು ಹೆದರಿದಳು, ಊರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಅವರು ಕಾಗದ ಕೊಟ್ಟು, ಬಸವನಹುಳದ ಚಿಪ್ಪಿನ ಹಾಗೆ ಒಂದು ಸುರುಳಿ ಬರಿಯಪ್ಪ ಅಂದರು, ಅವನು ಪೆನ್ನನ್ನು ಉಳಿಯಂತೆ ಹಿಡಿದ, ಮೊಣಕೈ ಪಕ್ಕೆಲುಬಿಗೆ ಒತ್ತಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ, ಉಸಿರು ಹಿಡಿದು — ಕಡೆಯುವವರೆಲ್ಲ ಹಾಗೇ, ಉಸ್ತಾದರು ಮೊದಲು ಕಲಿಸುವುದೇ ಅದು, ಕೈ ನಡುಗಿದ್ರೂ ಉಳಿ ನಡುಗ್ಬಾರ್ದು — ನೀಲಿ ಗೆರೆ ಕಡೆದಿಟ್ಟಂತೆ ಬಂತು, ಚೆನ್ನಾಗೇ ಬರೀತೀಯಲ್ಲಪ್ಪ, ನರದ ನಿಶ್ಶಕ್ತಿ ಅಷ್ಟೇ ಅಂದರು ಡಾಕ್ಟರು, ಅವನಿಗೆ ಹೆಮ್ಮೆಯಾಗಿತ್ತು, ಆ ಹೆಮ್ಮೆಗೆ ಒಂದು ವರ್ಷ ಹೋಯಿತು, ಶಕ್ತಿ ಬರಲೆಂದು ಅವ್ವ ದಿನಾ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿಸಿದಳು, ಕುರಿಯ ಲಿವರ್ ಹುರಿದು ಹಾಕಿದಳು, ತಿಂದ, ಬಟ್ಟಲು ನೆಕ್ಕಿದ, ನಡುಕ ಹೆಚ್ಚಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಯಲ್ಲಮ್ಮನಿಗೇ ಬಿಟ್ಟ.

ತಾಮ್ರ, ಇಲ್ಲಿಯ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ಕರಿಗುಡ್ಡೆಯ ಸುತ್ತ ಕಂದು ಉಂಗುರ ಕಂಡ ದಿನ ಹೇಳಿದ್ದು, ಊಟದಲ್ಲಿ ಬಂದ ತಾಮ್ರವನ್ನು ನಿಮ್ಮ ಮೈ ಹೊರಗೆ ಹಾಕ್ತಾ ಇಲ್ಲ, ಲಿವರಿನಲ್ಲಿ, ಮಿದುಳಿನಲ್ಲಿ, ಕಣ್ಣಿನಲ್ಲಿ ಕೂಡಿಹಾಕ್ತಾ ಇದೆ, ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು, ಇಬ್ಬರಲ್ಲೂ ಸುಮ್ಮನೆ ಅಡಗಿದ್ದ ಒಂದೊಂದು ದೋಷ ಅವನಲ್ಲಿ ಜೋಡಿಯಾಯಿತು, ಸುರುಳಿ ಬರೀರಿ ಅಂದರು, ಅವನು ಪಕ್ಕೆಗೆ ಮೊಣಕೈ ಒತ್ತಿದ, ಅವರು ನೋಡಿದರು, ಏನು ಕೆಲಸ ಮಾಡ್ತೀರಿ, ಬೊಂಬೆ ಕಡೀತೀನಿ ತಾಯಿ, ಹಾಗಾದರೆ ಮೊಣಕೈ ಎತ್ತಿ, ಗಾಳಿಯಲ್ಲಿ, ಎತ್ತಿದ, ತೋಳು ಹದ್ದಿನ ರೆಕ್ಕೆಯಂತೆ ಬಡಿಯಿತು, ಗೆರೆ ಹದಿನಾಲ್ಕು ಮಿಲಿಮೀಟರ್ ಹೊರಳಿತು, ಯಲ್ಲಮ್ಮ ಸೆರಗು ಕಚ್ಚಿದಳು, ಅಳಬೇಡಮ್ಮ, ಇಂಥ ಕಾಯಿಲೆಗಳಲ್ಲಿ ಔಷಧಿ ಇರೋದು ಕೆಲವಕ್ಕೆ ಮಾತ್ರ, ಇದಕ್ಕಿದೆ ಅಂದರು ಡಾಕ್ಟರಮ್ಮ — ಹದಿನೈದು ತಿಂಗಳು, ಊಟಕ್ಕೆ ಒಂದು ಗಂಟೆ ಮೊದಲು ಮಾತ್ರೆ, ಒಂದು ಹೊತ್ತೂ ತಪ್ಪಿಸಿಲ್ಲ, ತಾಮ್ರ ಹೆಚ್ಚಿರುವ ಲಿವರ್, ಕಡಲೆಕಾಯಿ ಮುಟ್ಟಿಲ್ಲ, ಮೊದಲ ತಿಂಗಳು ನಡುಕ ಹೆಚ್ಚೇ ಆಗಿತ್ತು, ಆಮೇಲೆ ಮಾತು ಬಿಡಿಸಿಕೊಂಡಿತು, ಯುಗಾದಿಯಲ್ಲಿ ಅಂಗಿಯ ಗುಂಡಿ ತಾನೇ ಹಾಕಿಕೊಂಡ, ಕೆಂಚಯ್ಯ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು, ಬೇಜಾರ್ ಮಾಡ್ಕಬ್ಯಾಡ ಕಣ್ಲಾ, ನಂಗೇನ್ ಗೊತ್ತಿತ್ತು ಅಂದ, ಉಸ್ತಾದರು ಹೇಳಿಕಳಿಸಿದರು, ನಿನ್ ಲೇತಿಗೆ ಬಟ್ಟೆ ಹೊದ್ಸಿಟ್ಟಿವ್ನಿ, ಯಾರ್ಗೂ ಕೊಟ್ಟಿಲ್ಲ, ಚೀಟಿ ತಗಂಡ್ ಬಾ.

ಕರಿಯಪ್ಪ, ಚನ್ನಪಟ್ಟಣ, ನರ್ಸಮ್ಮ ಕೂಗಿದಳು, ಮೇಜು, ಅಚ್ಚು ಹಾಕಿದ ಸುರುಳಿ, ಅದರ ಮೇಲೇ ಬರೆಯಬೇಕು, ಬರೀತಾ ಇರಿ ಅಂದು ಡಾಕ್ಟರಮ್ಮ ಬಾಗಿಲ ಕಡೆ ತಿರುಗಿ ನರ್ಸಮ್ಮನ ಜೊತೆ ಮಾತಿಗೆ ನಿಂತರು, ಯಾರೂ ನೋಡುತ್ತಿಲ್ಲ, ಪಕ್ಕೆಲುಬು ಇಲ್ಲೇ ಇದೆ, ಮೊಣಕೈ ತಾನಾಗಿ ಅತ್ತ ಜಾರುತ್ತದೆ, ಒಂದು ಸಲ ಒತ್ತಿದರೆ ಸಾಕು, ಗೆರೆ ಕಡೆದಿಟ್ಟಂತೆ ಬರುತ್ತದೆ, ಚೀಟಿ ಬರುತ್ತದೆ, ಲೇತಿನ ಬಟ್ಟೆ ತೆಗೆಯಬಹುದು — ಆಗ ಉಳಿ ಹಾರಿದರೆ, ಯಲ್ಲಮ್ಮ ಗೋಡೆಗೆ ಒರಗಿ ಅವನ ಮೊಣಕೈಯನ್ನೇ ನೋಡುತ್ತಿದ್ದಾಳೆ, ಚೆಂದದ ಗೆರೆ ಒಂದು ಸಲ ಬರೆದಾಯಿತು, ಸಾಕು, ಮೊಣಕೈ ಎತ್ತಿದ, ಗಾಳಿಯಲ್ಲಿ, ಉಸಿರನ್ನೂ ಬಿಟ್ಟ, ಪೆನ್ನಿನ ತುದಿ ನಡುವಿನಿಂದ ಹೊರಟಿತು, ಒಂದು ಸುತ್ತು, ತುಸು ಅದುರಿ ಮತ್ತೆ ದಾರಿಗೆ ಬಂತು, ಎರಡು, ಮೂರನೆಯದರ ತಿರುವಿನಲ್ಲಿ ಒಂದು ಕಡೆ ಜಾರಿತು, ಜಾರಿದ್ದು ಅವನಿಗೇ ಕಂಡಿತು, ತಿದ್ದಲಿಲ್ಲ, ಮುಗಿಸಿದ, ಡಾಕ್ಟರಮ್ಮ ಬಂದರು, ಜಾರಿದ ಜಾಗವನ್ನೇ ಹುಡುಕಿ ಸ್ಟೀಲ್ ಸ್ಕೇಲು ಇಟ್ಟರು, ಕನ್ನಡಕ ಮೇಲಕ್ಕೆ ತಳ್ಳಿ ಬಾಗಿದರು, ಸ್ಕೇಲಿನ ಅಂಚು, ನೀಲಿ ಗೆರೆ, ಸ್ಕೇಲಿನ ಅಂಚು, ನೀಲಿ ಗೆರೆ, ನಾಲ್ಕು ಮಿಲಿಮೀಟರ್.