ಅಣ್ಣನಿಗೆ ತೋರಿಸಿದ ಕೆರೆ

ಅಣ್ಣ ಇಸ್ಸಾತ್‌ಗೆ ಮೊದಲು ಮರೆತುಹೋದದ್ದು ನಮ್ಮ ಹಿಮಸಾರಂಗಗಳ ಕಿವಿಯಲ್ಲಿ ಕೊರೆಯುವ ಮನೆತನದ ಗುರುತು. ಆಮೇಲೆ ಹೆಂಡತಿ ಸತ್ತದ್ದು. ನಮ್ಮ ಹಿಮನಾಡಿನ ಊರು ಕೌಟೊಕೈನೊದ ವೃದ್ಧಾಶ್ರಮದ ಕಿಟಕಿ ಹತ್ತಿರ ಕೂತು ಒಂದು ದಿನ ಕೇಳಿದ:

“ರಾವ್ನಾ, ಬೇಸಿಗೆಗೆ ಹೋಗ್ತಿದ್ವಲ್ಲ, ಆ ಕೆರೆ ಹತ್ರ. ಹೇಗಿತ್ತೇ ಅದು? ಕಣ್ಣು ಮುಚ್ಚಿದ್ರೂ ಬರ್ತಾ ಇಲ್ಲ.”

“ನೀನು ನನ್ನ ನೀರಿಗೆ ತಳ್ಳಿದ ಜಾಗ. ಮರೆತರೆ ನಿನಗೇ ಲಾಭ ಬಿಡು.”

“ತಳ್ಳಿದ್ನಾ? ಹಾಗಾದ್ರೆ ನೀನೇ ಏನೋ ಮಾಡಿರ್ಬೇಕು.” ನಕ್ಕ. “ಒಂದು ಫೋಟೋ ತಗೊಂಡು ಬಾರೇ. ಕಂಡೋರ ಕ್ಯಾಲೆಂಡರ್‌ಗೆಲ್ಲ ತೆಗೆದುಕೊಡ್ತೀಯಲ್ಲ.”

ಆ ಕೆರೆಯ ದಂಡೆಯಲ್ಲಿ ಬೇಸಿಗೆ ಕಳೆದವರಲ್ಲಿ ಉಳಿದಿರುವುದು ನಾವಿಬ್ಬರೇ. ಅವನೂ ಮರೆತರೆ ನಾನೊಬ್ಬಳೇ. ಅರವತ್ತು ದಾಟಿದ ಮಂಡಿಗಳನ್ನು ಬೈದುಕೊಳ್ಳುತ್ತ, ಕ್ಯಾಮೆರಾ, ಗುಡಾರ, ಒಣಮಾಂಸ ಹೊತ್ತು ಹೊರಟೆ.

ದಾರಿಯುದ್ದಕ್ಕೂ ಒಂದು ನರಪಿಳ್ಳೆಯೂ ಸಿಗಲಿಲ್ಲ. ಮೊದಲೆಲ್ಲ ನಾಯಿ ಬೊಗಳಿದ್ದು ಕೇಳಿಯೇ ಕೆರೆ ಬಂತೆಂದು ತಿಳಿಯುತ್ತಿತ್ತು. ಈಗ ನನ್ನ ಏದುಸಿರು ಬಿಟ್ಟರೆ ಸೊಳ್ಳೆಗಳ ಗುಂಯ್. ಸ್ವಲ್ಪ ಹೊತ್ತು ಒಬ್ಬಳೇ ಜೋರಾಗಿ ಮಾತಾಡಿಕೊಂಡೆ. ಬೇಜಾರಾಗಿ ಅದನ್ನೂ ನಿಲ್ಲಿಸಿದೆ. ಕೆರೆಯ ಮೇಲೆ ಮಂಜು ಕೂತಿತ್ತು. ಗುಡಾರ ಹಾಕಿ, ಅಮ್ಮನ ಕಾಲದ ಒಲೆಕಲ್ಲುಗಳ ನಡುವೆ ಬೆಂಕಿ ಮಾಡಿ, ಕಾಫಿ ಕುಡಿಯುತ್ತ ಕಾದೆ.

ಮಂಜು ಸರಿದು ಬಿಸಿಲು ಬಿದ್ದ ಕೂಡಲೇ ಮಾಡಿದ ಮೊದಲ ಕೆಲಸ ಗುಡಾರ ಕಿತ್ತದ್ದು. ಬೂದಿ ಹೂತೆ, ಒಲೆಕಲ್ಲುಗಳನ್ನು ಪಾಚಿ ಹೊದಿಸಿ ಮರೆಮಾಡಿದೆ. ಹಿಮಸಾರಂಗ ಕಾಯುವ ನಮ್ಮ ಸಾಮಿ ಜನ ಬಿಡಾರ ಎತ್ತಿದ ಮೇಲೆ, ಅಲ್ಲಿ ಮನುಷ್ಯರಿದ್ದರೆಂದು ನರಿಗೂ ತಿಳಿಯಬಾರದು. ಅಮ್ಮ ಕಿವಿ ಹಿಂಡಿ ಕಲಿಸಿದ ಪಾಠ. ಆಮೇಲೆ ಚಿತ್ರ ತೆಗೆದೆ. ಬೆಟ್ಟ, ನೀರು, ಅಲ್ಲಲ್ಲಿ ಹಿಮದ ತೇಪೆ. ಅಷ್ಟು ಒಳ್ಳೆಯ ಚಿತ್ರ ಜನ್ಮದಲ್ಲೇ ತೆಗೆದಿರಲಿಲ್ಲ.

ದೊಡ್ಡದಾಗಿ ಮುದ್ರಿಸಿ ಅಣ್ಣನ ಮಡಿಲಲ್ಲಿಟ್ಟೆ. ಅವನು ದಂಡೆಯುದ್ದಕ್ಕೂ ಬೆರಳಾಡಿಸಿ ಏನನ್ನೋ ಹುಡುಕಿದ.

“ಚೆನ್ನಾಗಿದೆ,” ಅಂದ, ನೆಂಟರ ಮನೆಯಲ್ಲಿ ಅನ್ನುವ ಹಾಗೆ. “ಯಾವ ದೇಶ?”

“ನಮ್ಮ ಕೆರೆ ಕಣೋ. ಇಗೋ, ಇಲ್ಲಿ ಅಮ್ಮ ಒಲೆ ಹಚ್ತಿದ್ಲು. ಇಲ್ಲಿ ನಾಯಿ ಕಟ್ತಿದ್ವಿ.”

ನಾನು ತೋರಿಸಿದಲ್ಲೆಲ್ಲ ಬರೀ ಪಾಚಿ. ಅವನು ಚಿತ್ರ ಬಿಟ್ಟು ನನ್ನ ಮುಖ ನೋಡಿದ. ಅವನಿಗೆ ನನ್ನ ಮೇಲೆ ಕನಿಕರ ಬಂದಿತ್ತು.

“ಇಲ್ಲಿ ಯಾರೂ ಇರ್ಲಿಲ್ಲ ಬಿಡೇ,” ಅಂದ ಮೆಲ್ಲಗೆ. “ಒಬ್ಬಳೇ ಅಷ್ಟು ದೂರ ಯಾಕೆ ಹೋದೆ?”